ಅವ್ವನ ತುತ್ತು

ಹುಡುಗಿ ಬಾಯಿ ಬಿಡಲಿಲ್ಲ. ಹಲ್ಲು ಕಚ್ಚಿ, ತುಟಿ ಒಳಗೆಳೆದುಕೊಂಡು, ಕಣ್ಣು ಮಾತ್ರ ನನ್ನ ಮೇಲಿಟ್ಟು ಕೂತಿದ್ದಳು. ನನ್ನ ಕೈಯಲ್ಲಿ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯ ತುತ್ತು. ಹಾಲು ಮೊಣಕೈಗುಂಟ ಇಳಿಯುತ್ತಿತ್ತು. ಸಾಂಗಲಿ ಪೇಟೆಯ ಬೆಲ್ಲದ ಅಡತಿ ವ್ಯಾಪಾರಿಯೊಬ್ಬರ ಮನೆಯಲ್ಲಿ ನನ್ನ ಮೊದಲ ಬೆಳಗು ಅದು. ಮಿರಜಿನಲ್ಲಿ ದಾದಿಯ ಕೆಲಸ ಕಲಿತವಳು ನಾನು. ಗಾಯ ಕಟ್ಟಿದ್ದೆ, ಹೆರಿಗೆ ಮಾಡಿಸಿದ್ದೆ, ಕೂಗಾಡುವ ಗಂಡಸರಿಗೆ ಸೂಜಿ ಚುಚ್ಚಿದ್ದೆ. ಐದು ವರ್ಷದ ಹುಡುಗಿಗೆ ಮುಂಜಾನೆ ಒಂದು ರೊಟ್ಟಿ ತಿನ್ನಿಸುವುದು ಯಾವ ಮಹಾ ಕೆಲಸ ಅಂದುಕೊಂಡೇ ಆ ಮನೆಯ ಹೊಸ್ತಿಲು ದಾಟಿದ್ದೆ. ನನ್ನ ಸೊಕ್ಕು ಮೊದಲ ದಿನವೇ ಒಲೆಯ ಮುಂದೆ ಇಳಿಯಿತು.

ಹುಡುಗಿಯ ತಾಯಿ ಕ್ಷಯದ ದವಾಖಾನೆಯಲ್ಲಿದ್ದಳು. ಆಗ ಸಾಂಗಲಿ ಒಂದು ಸಂಸ್ಥಾನ, ಮಿರಜ ಇನ್ನೊಂದು. ನಡುವೆ ಟಾಂಗಾದ ದಾರಿ. ಆ ದಾರಿಯ ಪಕ್ಕದ ಬಯಲಿನಲ್ಲಿ, ಗಾಳಿ ಬೆಳಕು ಚೆನ್ನಾಗಿರಲೆಂದು ಊರ ಹೊರಗೆ ಕಟ್ಟಿದ ದವಾಖಾನೆ ಅದು. ತಾಯಿ ಅಲ್ಲಿಗೆ ಹೋದ ಮೇಲೆ ಹುಡುಗಿ ಮುಂಜಾನೆ ಉಣ್ಣುವುದನ್ನು ಬಿಟ್ಟಿದ್ದಳು. ಡಾಕ್ಟರರು ಅವಳನ್ನೂ ಕರೆಸಿ ಎದೆ, ಬೆನ್ನು ನೋಡಿ, ಈಗ ರೋಗವೇನೂ ಇಲ್ಲ, ಆದರೆ ಹೀಗೇ ಸೊರಗುತ್ತ ಹೋದರೆ ತಗಲುವುದಕ್ಕೆ ಹೊತ್ತು ಬೇಕಿಲ್ಲ ಅಂದರು. ಈ ಮಾತು ಹೇಗೋ ತಾಯಿಯ ಕಿವಿಗೆ ಬಿತ್ತು. ಆ ರೋಗಕ್ಕೆ ಆಗ ವಿಶ್ರಾಂತಿಯೇ ಔಷಧ, ಹಾಸಿಗೆಯಿಂದ ಏಳಬಾರದು. ಅವಳಾದರೋ ಎದ್ದೆದ್ದು ಕೂತು, ನನ್ನ ಕೂಸು ಇವತ್ತು ಏನುಂಡಿತು ಎಂದು ಬಂದವರನ್ನೆಲ್ಲ ಕೇಳುತ್ತಿದ್ದಳಂತೆ. ಮಗಳು ಉಂಡರೆ ತಾಯಿ ಮಲಗುತ್ತಾಳೆ ಎಂದು ಲೆಕ್ಕ ಹಾಕಿ ಡಾಕ್ಟರರೇ ನನ್ನನ್ನು ಆ ಮನೆಗೆ ಕಳಿಸಿದರು.

ಮನೆಯಲ್ಲಿ ಇದ್ದವರು ಹುಡುಗಿಯ ತಂದೆ, ಅಜ್ಜಿ. ತಂದೆಯನ್ನು ಎಲ್ಲರೂ ಸಾವಕಾರರು ಅನ್ನುತ್ತಿದ್ದರು, ಅಜ್ಜಿಯನ್ನು ಆಯಿ. ಹುಡುಗಿಗೆ ನಾನು ಮಾವಶಿ, ಚಿಕ್ಕಮ್ಮ. ಲಿಂಗವಂತರ ಮನೆ. ನಾನೂ ಅದೇ ಪೈಕಿ, ಮಾಲಗಾಂವದ ಕಡೆಯವಳು; ಅದಕ್ಕೇ ಅಡಿಗೆಮನೆಗೆ ಬಿಟ್ಟುಕೊಂಡರು. ಲಿಂಗಪೂಜೆಯಾಗದೆ ದೊಡ್ಡವರು ಅಲ್ಲಿ ನೀರೂ ಮುಟ್ಟುತ್ತಿರಲಿಲ್ಲ. ಸಾವಕಾರರ ಪೂಜೆ, ಆಯಿಯ ಪೂಜೆ ಮುಗಿಯುವಷ್ಟರಲ್ಲಿ ಬಿಸಿಲು ಅಂಗಳಕ್ಕೆ ಇಳಿದಿರುತ್ತಿತ್ತು. ಸಣ್ಣ ಕೂಸಿಗೆ ಆ ನೇಮ ಯಾಕೆ, ಅದು ಹಸಿದಿರಬಾರದು ಎಂದು ಹುಡುಗಿಯನ್ನು ಎಬ್ಬಿಸಿ, ಮುಖ ತೊಳೆದು, ಎಲ್ಲರಿಗಿಂತ ಮೊದಲು ಒಲೆಯ ಮುಂದೆ ಕೂಡಿಸಿ ಉಣಿಸುವುದು ಪದ್ಧತಿ. ಮೊದಲು ತಾಯಿ ಉಣಿಸುತ್ತಿದ್ದಳು. ಈಗ ಆ ಮಣೆಯ ಎದುರಿಗೆ ನಾನು.

ನನ್ನ ಪೂಜೆಯೂ ಆಗ ಆಗಿರುತ್ತಿರಲಿಲ್ಲ. ಇವಳದು ಮುಗಿಯಬೇಕು, ನಾನು ಸ್ನಾನ ಮಾಡಬೇಕು, ಪೂಜೆಗೆ ಕೂಡಬೇಕು, ಆಮೇಲೆ ನನಗೊಂದು ವಾಟಗಾ ಚಹಾ. ಆ ಚಹಾ ಇಳಿಯುವ ತನಕ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಇವತ್ತಿಗೂ. ಖಾಲಿ ಹೊಟ್ಟೆಯ ದಾದಿ, ಒಲ್ಲೆನೆನ್ನುವ ಕೂಸು, ನಡುವೆ ಆರುತ್ತಿರುವ ರೊಟ್ಟಿ. ಇಬ್ಬರೇ, ಎದುರುಬದುರು. ಇದು ತಪ್ಪು ಅಂತ ನನಗೆ ಹೊಳೆಯಲಿಲ್ಲ, ಯಾಕೆಂದರೆ ನಮ್ಮ ಮನೆಯಲ್ಲೂ ಕೂಸುಗಳಿಗೆ ಹಾಗೇ ಉಣಿಸುತ್ತಿದ್ದರು.

ನಾನು ಬರುವ ಮುಂಚೆ ಆಯಿ ತಮ್ಮ ಕೈಲಾದದ್ದೆಲ್ಲ ಮಾಡಿ ನೋಡಿದ್ದರು. ಉಣ್ಣದಿದ್ದರೆ ಬೈರಾಗಿ ಜೋಳಿಗೆಯಲ್ಲಿ ಹಾಕಿಕೊಂಡು ಹೋಗುತ್ತಾನೆ ಎಂದು ಹೆದರಿಸಿದ್ದರು, ಮೂಗು ಹಿಡಿದು ಹಾಲು ಹೊಯ್ದಿದ್ದರು. ಇನ್ನು ಮೇಲೆ ಹೆದರಿಸುವುದು ಬೇಡ, ಬಾಯಿಗೆ ತುರುಕುವುದು ಬೇಡ ಅಂತ ನಾನು ಕಟ್ಟುನಿಟ್ಟು ಮಾಡಿದೆ. ಆಯಿಗೆ ಅದು ರುಚಿಸಲಿಲ್ಲ. ಮಕ್ಕಳನ್ನು ಹೆತ್ತು ಬೆಳೆಸಿದವರು ಅವರು, ನಾನು ಕೂಸು ಹೆರದ ಬರಿ ಕೈಯವಳು. ಆದರೂ ಡಾಕ್ಟರರು ಕಳಿಸಿದವಳು ಎಂದು ಬಾಯಿ ಮುಚ್ಚಿಕೊಂಡು ಪೂಜೆಗೆ ಹೋದರು.

ಮೊದಲು ತಿನಿಸು ಬದಲಿಸಿ ನೋಡಿದೆ. ರೊಟ್ಟಿಯ ಬದಲು ಸಾಂಜಾ ಮಾಡಿದೆ, ರವೆ ಕೆಂಪಗೆ ಹುರಿದು, ಉಳ್ಳಾಗಡ್ಡಿ ಹಾಕದೆ. ಎರಡು ತುತ್ತಿಗೆ ನಿಂತಿತು. ಜೋಳದ ನುಚ್ಚು ಮೆತ್ತಗೆ ಬೇಯಿಸಿ ಮಜ್ಜಿಗೆ ಹಾಕಿ ಕೊಟ್ಟೆ. ಬೆರಳಿನಿಂದ ಅದರಲ್ಲಿ ಗೆರೆ ಎಳೆಯುತ್ತ ಕೂತಳು. ಮೊಸರು, ಶೇಂಗಾ ಹಿಂಡಿ, ಬೆಣ್ಣೆ ಯಾವುದಕ್ಕೂ ಜಗ್ಗಲಿಲ್ಲ. ಕಡೆಗೆ ನಾನೂ ಬೆಲ್ಲಕ್ಕೆ ಕೈ ಹಾಕಿದೆ. ಬೆಲ್ಲದ ಮನೆಯಲ್ಲಿ ಇನ್ನೇನಕ್ಕೆ ಕೈ ಹಾಕುತ್ತಾರೆ ಹೇಳಿ. ಒಂದು ತುತ್ತು ರೊಟ್ಟಿ ನುಂಗಿದರೆ ಒಂದು ಚೂರು ಬೆಲ್ಲ.

ನಡೆಯಿತು, ಆದರೆ ಅವಳು ವ್ಯಾಪಾರಸ್ಥರ ಮನೆಯ ಕೂಸು. ಬರಬರುತ್ತ ತುತ್ತು ಸಣ್ಣದಾಯಿತು, ಬೆಲ್ಲದ ಚೂರು ದೊಡ್ಡದಾಯಿತು. ಆಮೇಲೆ ತುತ್ತನ್ನು ಗಲ್ಲದಲ್ಲೇ ಇಟ್ಟುಕೊಂಡು ಮೊದಲು ಬೆಲ್ಲಕ್ಕೆ ಕೈ ಚಾಚತೊಡಗಿದಳು. ಬೆಲ್ಲ ಕರಗಿದ ಮೇಲೆ ರೊಟ್ಟಿ ಬಚ್ಚಲಿಗೆ. ಒಂದು ದಿನ ಎಣ್ಣೆ ಹಚ್ಚಿ ತಲೆ ಬಾಚುವಾಗಲೂ, ಬಾಚಿಸಿಕೊಂಡರೆ ಏನು ಕೊಡುತ್ತೀ ಅಂತ ಕೇಳಿದಳು. ನನಗೆ ನಾಚಿಕೆಯಾಯಿತು. ಅಂದಿಗೆ ಬೆಲ್ಲ ನಿಲ್ಲಿಸಿದೆ, ಮತ್ತೆ ಬಾಯಿ ಮುಚ್ಚಿತು.

ಆಗ ಶುರುವಾದದ್ದು ಹೆಸರಿನ ತುತ್ತು. ನಮ್ಮ ಕಡೆ ಮರಾಠಿ ಮನೆ, ಕನ್ನಡ ಮನೆ ಎಲ್ಲದರಲ್ಲೂ ಕೂಸಿಗೆ ಹಾಗೆ ಉಣಿಸುತ್ತಾರೆ. ಒಂದೊಂದು ತುತ್ತಿಗೆ ಒಬ್ಬೊಬ್ಬರ ಹೆಸರು. ಇದು ಕಾಗೆಯ ತುತ್ತು, ಇದು ಗುಬ್ಬಿಯ ತುತ್ತು. ಹುಡುಗಿಗೆ ಇದು ಹಿಡಿಸಿತು. ಕಾಗೆ, ಗುಬ್ಬಿ ಮುಗಿದ ಮೇಲೆ ತಾನೇ ಹೆಸರು ಹುಡುಕತೊಡಗಿದಳು. ಟಾಂಗಾದ ಕುದುರೆಗೊಂದು, ಅಂಗಡಿಯ ಹಮಾಲ ಕಾಕಾನಿಗೊಂದು. ಹಮಾಲ ಕಾಕಾನ ತುತ್ತು ದೊಡ್ಡದಿರಬೇಕು, ಅವನು ಚೀಲ ಹೊರುತ್ತಾನೆ ಎಂದು ಬಾಯಿ ಅಗಲಿಸಿದಳು. ನಾನೂ ನಕ್ಕೆ. ಆ ಒಲೆಯ ಮುಂದೆ ಇಬ್ಬರೂ ಕೂಡಿ ನಕ್ಕ ಕೆಲವೇ ಮುಂಜಾನೆಗಳು ಅವು.

ಅಲ್ಲಿಗೇ ಬಿಟ್ಟಿದ್ದರೆ ಸಾಕಿತ್ತು. ಒಂದು ದಿನ ಎದ್ದದ್ದೇ ತಡವಾಗಿತ್ತು. ಆಯಿ ಆಗಲೇ ಪೂಜೆಗೆ ಕೂತಿದ್ದರು, ನನಗೆ ಕಾಸಿದ ಸ್ನಾನದ ನೀರು ಆರುತ್ತಿತ್ತು. ತಾಟಿನಲ್ಲಿ ಇನ್ನೊಂದು ತುತ್ತು ಉಳಿದಿತ್ತು, ಹುಡುಗಿ ಮುಖ ತಿರುಗಿಸಿದಳು. ಕಾಗೆ ಅಂದೆ, ಆಗಿದೆ ಅಂದಳು. ಕುದುರೆ ಅಂದೆ, ಅದರ ಹೊಟ್ಟೆ ತುಂಬಿದೆ ಅಂದಳು. ನನ್ನ ಬಾಯಿಂದ ಬಂತು: "ಇದು ನಿಮ್ಮವ್ವನ ತುತ್ತು. ನೀ ಬಿಟ್ರ ಅವ್ವ ಅಲ್ಲಿ ಹಸಗೊಂಡ ಮಲಗ್ತಾಳ."

ಹುಡುಗಿ ತಿರುಗಿ ನನ್ನನ್ನು ನೋಡಿದಳು. ನಗಲಿಲ್ಲ. ಬಾಯಿ ತೆರೆದಳು, ಅಗಿದಳು, ನುಂಗಿದಳು. ನುಂಗಿದ ಮೇಲೆ ಬಾಯಿ ಅಗಲಿಸಿ ಒಳಗೆ ಏನೂ ಇಲ್ಲ ಅಂತ ನನಗೆ ತೋರಿಸಿದಳು. ನಾನು ಶಾಬಾಸ್ ಅಂದು ತಾಟು ತೊಳೆದಿಟ್ಟು ಸ್ನಾನಕ್ಕೆ ಓಡಿದೆ.

ಮರುದಿನದಿಂದ ಕೆಲಸ ಹಗುರಾಯಿತು. ಅವ್ವನ ತುತ್ತು ಕಡೆಯ ತುತ್ತು. ಅದಕ್ಕೋಸ್ಕರ ಉಳಿದವೆಲ್ಲ ತಾವಾಗಿ ಇಳಿಯುತ್ತಿದ್ದವು. ಸಾವಕಾರರು ಆಗಾಗ ಹುಡುಗಿಯನ್ನು ಅಂಗಡಿಗೆ ಕರೆದೊಯ್ದು, ಬೆಲ್ಲದ ಪೆಂಟೆ ತೂಗುವ ದೊಡ್ಡ ತಕ್ಕಡಿಯಲ್ಲಿ ಕೂಡಿಸಿ ತೂಗುತ್ತಿದ್ದರು. ಅವಳು ಕೂತ ಪರಡಿ ಕೆಳಗಿಳಿದಾಗ ಹಮಾಲರು, ಗಿರಾಕಿಗಳು, ಗುಮಾಸ್ತರು ಎಲ್ಲ ವಾಹ್ವಾ ಅನ್ನುತ್ತಿದ್ದರು. ಅದೇ ಹೊತ್ತಿಗೆ ತಾಯಿಯ ಜ್ವರ ಇಳಿದಿದೆ, ಈಗ ಸುಮ್ಮನೆ ಮಲಗುತ್ತಾಳೆ ಎಂಬ ಸುದ್ದಿಯೂ ಬಂತು. ಆಯಿ ಹಿಗ್ಗಿ ಹೀರೇಕಾಯಿಯಾಗಿ ಮೊಮ್ಮಗಳ ಗಲ್ಲ ಹಿಡಿದು, ನೀನು ಉಂಡದ್ದಕ್ಕೇ ಅವ್ವ ಚಲೋ ಆಗುತ್ತಿದ್ದಾಳೆ ನೋಡು ಅಂದರು. ಹುಡುಗಿ ಹೌದೇನು ಎಂಬಂತೆ ನನ್ನತ್ತ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಒಲೆಯ ಮುಂದಿನ ಮಾತು ಗಡಿಬಿಡಿಯಲ್ಲಿ ಬಂದದ್ದು ಅಂತ ಬೇಕಾದರೆ ಹೇಳಬಹುದು, ಈ ತಲೆಯಾಡಿಸಿದ್ದಕ್ಕೆ ಯಾವ ಗಡಿಬಿಡಿಯೂ ಇರಲಿಲ್ಲ. ನನಗೆ ಹೆಮ್ಮೆಯಾಗಿತ್ತು, ಅಷ್ಟೇ.

ಆಮೇಲೆ ಅವ್ವನ ತುತ್ತು ಬೆಳೆಯತೊಡಗಿತು. ಇಷ್ಟು ಸಣ್ಣದು ಅವ್ವನಿಗೆ ಸಾಲುವುದಿಲ್ಲ ಎಂದು ಹುಡುಗಿಯೇ ಇನ್ನರ್ಧ ರೊಟ್ಟಿ ಹಾಕಿಸಿಕೊಳ್ಳುತ್ತಿದ್ದಳು. ಮುಂಜಾನೆ ಒಂದೇ ಅಲ್ಲ, ಮಧ್ಯಾಹ್ನಕ್ಕೂ ಅವ್ವನ ತುತ್ತು ಬಂತು, ಸಂಜೆಗೂ ಬಂತು. ಹೊಟ್ಟೆ ಬಿಗಿದು ನಿಟ್ಟುಸಿರು ಬಿಡುತ್ತಿದ್ದರೂ ಸೀದ ರೊಟ್ಟಿಯ ಅಂಚನ್ನು ಸಹ ಬಿಡುತ್ತಿರಲಿಲ್ಲ. ಆಯಿಗೆ ಸಂತೋಷ. ನನಗೆ ಒಳಗೊಳಗೇ ಕಸಿವಿಸಿ, ಆದರೆ ತಕ್ಕಡಿ ಒಳ್ಳೆಯದನ್ನೇ ಹೇಳುತ್ತಿತ್ತಲ್ಲ, ಸುಮ್ಮನಿದ್ದೆ.

ಒಂದು ಮುಂಜಾನೆ ಉಣಿಸಿ ನಾನು ಸ್ನಾನಕ್ಕೆಂದು ಬಚ್ಚಲಿಗೆ ಹೋದರೆ ಹುಡುಗಿ ಅಲ್ಲಿ ಮೂಲೆಯಲ್ಲಿ ಬಗ್ಗಿ ನಿಂತಿದ್ದಳು. ಉಂಡದ್ದೆಲ್ಲ ವಾಂತಿಯಾಗಿತ್ತು. ಮಕ್ಕಳು ವಾಂತಿ ಮಾಡಿಕೊಳ್ಳುವುದು ನನಗೆ ಹೊಸದಲ್ಲ. ನಾನು ಬೆನ್ನು ಸವರಿ, ಬಾಯಿ ತೊಳೆಸಿ, ಚರಿಗೆಯಿಂದ ನೀರು ಹೊಯ್ದು ಬಳಿಯಲು ಹೋದಾಗ ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಹೊಯ್ಯಬೇಡ, ಅದರಲ್ಲಿ ಅವ್ವನದೂ ಇದೆ ಅಂದಳು. ನಾನು ನೀರು ಹೊಯ್ದೆ. ಏನೂ ಆಗುವುದಿಲ್ಲ ಬಿಡು ಅಂದೆ. ಯಾರಿಗೂ ಹೇಳಬೇಡ ಎಂದು ಅಂಗಲಾಚಿದಳು, ಹೇಳಲಿಲ್ಲ.

ಆ ವಾರವೇ ದವಾಖಾನೆಯಿಂದ ಬಂದ ಸಾವಕಾರರು ಪಡಸಾಲೆಯಲ್ಲಿ ಟೊಪ್ಪಿಗೆ ಕೂಡ ತೆಗೆಯದೆ ಕೂತರು. ಕೆಮ್ಮಿನಲ್ಲಿ ರಕ್ತ ಬಂದಿದೆ, ಮತ್ತೆ ಮಾತಾಡಲೂ ಬಿಡುತ್ತಿಲ್ಲ ಎಂದು ಆಯಿಗೆ ಹೇಳಿದರು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಹುಡುಗಿ ಬಾಗಿಲ ಹಿಂದೆ ಇದ್ದದ್ದು ನನಗೆ ಗೊತ್ತಿರಲಿಲ್ಲ. ನನ್ನ ಬಳಿ ಬಂದು, ಮೊರದ ಅಂಚು ಹಿಡಿದು ನಿಂತಳು.

"ಮಾವಶಿ, ನಾ ಬಚ್ಚಲದಾಗ ಕಾರಕೊಂಡಿದ್ನಲ್ಲ, ಅದಕ್ಕ ಬಂತೇನು ರಕ್ತಾ?"

ಮೊರ ಪಕ್ಕಕ್ಕಿಟ್ಟು ಅವಳನ್ನು ತೊಡೆಯ ಮೇಲೆ ಎಳೆದುಕೊಂಡೆ. ಇಲ್ಲ, ಅದು ಬರಿ ಆಟ, ಕಾಗೆಯ ತುತ್ತು ಕಾಗೆಗೆ ಮುಟ್ಟುತ್ತದೇನು, ಕುದುರೆಯದು ಕುದುರೆಗೆ ಮುಟ್ಟುತ್ತದೇನು, ಹಾಗೇ ಇದೂ ಅಂದೆ. ಸುಳ್ಳು ಹೇಳಿದ್ದೆ ಅಂದೆ. ಅವಳು ಪೂರ್ತಿ ಕೇಳಿದಳು. ಕೇಳಿ, ಮತ್ತೆ ನಾನು ಉಂಡಾಗ ಅವ್ವನ ಜ್ವರ ಯಾಕೆ ಇಳಿಯಿತು, ಆಯಿ ಹೇಳಿದಾಗ ನೀನೂ ಹೌದು ಅಂದೆಯಲ್ಲ ಅಂದಳು. ಅಂದು ಸಂಜೆ ಅವಳು ಅಷ್ಟೂ ಉಂಡು ಇನ್ನೂ ಬೇಕೆಂದು ತಾಟು ಮುಂದೆ ಮಾಡಿದಳು. ಇಲ್ಲವೆನ್ನಲು ನನಗೆ ಧೈರ್ಯವಾಗಲಿಲ್ಲ, ಹಾಕಲೂ ಕೈ ಬರಲಿಲ್ಲ.

ರೋಗಿ ಏನು ತಿಂದ, ಯಾವಾಗ ತಿಂದ ಎಂದು ನೋಡುವುದನ್ನು ದವಾಖಾನೆಯಲ್ಲಿ ನಮಗೆ ಮೊದಲು ಕಲಿಸುತ್ತಾರೆ. ಮೊದಲ ದಿನವೇ ಮಾಡಬೇಕಾಗಿದ್ದ ಆ ಕೆಲಸವನ್ನು ನಾನು ಈಗ ಮಾಡಿದೆ. ಇಡೀ ದಿನ ಹುಡುಗಿಯ ಹಿಂದೆ ತಿರುಗಿದೆ. ಅಂಗಡಿಯಲ್ಲಿ ಗಿರಾಕಿಗೆ ತೋರಿಸಲು ಬೆಲ್ಲದ ಪೆಂಟೆ ಒಡೆದಾಗಲೆಲ್ಲ ಉದುರಿದ ಚೂರು ಇವಳ ಕೈಗೆ. ಬಂದ ನೆಂಟರ ಪೇಢೆ ಇವಳ ಬಾಯಿಗೆ. ಮಲಗುವಾಗ ಆಯಿಯ ಕೈಯಿಂದ ಸಕ್ಕರೆ ಹಾಕಿದ ಕೆನೆಹಾಲು, ತಂಬಿಗೆಯ ತುಂಬ. ಕತ್ತಲಿರುವಾಗಲೇ ಎಬ್ಬಿಸಿ ಕೂಡಿಸಿದರೆ ಹಸಿವು ಎಲ್ಲಿಂದ ಬರಬೇಕು? ಮುಂಜಾನೆ ಅವಳಿಗೆ ಹಸಿವೇ ಇರುತ್ತಿರಲಿಲ್ಲ. ಹಸಿವಿಲ್ಲದ ಕೂಸಿಗೆ ನಾನು ಮೊದಲು ಲಂಚ ಕೊಟ್ಟೆ, ಆಮೇಲೆ ಅವ್ವನ ಆಣೆ ಹಾಕಿದ ಹಾಗೆ ಉಣಿಸಿದೆ.

ಅಂಗಡಿಯ ಬೆಲ್ಲ ನಿಲ್ಲಿಸುವಂತೆ ಸಾವಕಾರರಿಗೆ ಹೇಳಿದೆ, ತಕ್ಕಡಿಯನ್ನೂ ಬಿಡಿಸಿದೆ. ರಾತ್ರಿಯ ಹಾಲಿಗೆ ಆಯಿ ಜಗಳ ತೆಗೆದರು, ಕಡೆಗೆ ಸಣ್ಣ ವಾಟಗಾಕ್ಕೆ ಒಪ್ಪಿದರು. ಇನ್ನೊಂದು ಮಾತಿಗೆ ಮಾತ್ರ ಬಹಳ ಹೊತ್ತು ಒಪ್ಪಲಿಲ್ಲ: ಕೂಸಿಗೆ ಮೊದಲೇ ಉಣಿಸುವುದು ಬೇಡ, ಪೂಜೆಯಾದ ಮೇಲೆ ನಮ್ಮ ಪಂಕ್ತಿಯಲ್ಲೇ ಕೂಡಲಿ ಅಂದಿದ್ದೆ. ಹಸಿದ ಕೂಸನ್ನು ಕೂಡಿಸಿಕೊಂಡು ಪೂಜೆ ಮಾಡಿದರೆ ದೇವರು ಮೆಚ್ಚುತ್ತಾನೇನು ಅಂದರು. ಅದು ಹಸಿಯಲಿ ಅಂತಲೇ ಹೇಳುತ್ತಿದ್ದೇನೆ ಆಯಿ ಅಂದೆ. ಕಡೆಗೆ ಹಾಗೇ ಆಗಲಿ ಅಂದರು.

ಮೊದಲ ದಿನ ಹುಡುಗಿ ಆಯಿಯ ಪಕ್ಕದಲ್ಲಿ ಕೂತು, ವಿಭೂತಿ ಹಚ್ಚಿಸಿಕೊಂಡು, ಹೂ ಎತ್ತಿ ಕೊಡುತ್ತ ಪೂಜೆ ನೋಡಿದಳು. ಆಮೇಲೆ ಎಲ್ಲರೂ ಸಾಲಾಗಿ ಕೂತೆವು. ಬುಟ್ಟಿಯಲ್ಲಿ ರೊಟ್ಟಿ, ಮೊಸರು, ಹಿಂಡಿ ನಡುವೆ ಇಟ್ಟು, ಅವಳ ಕೈಯಿಂದಲೇ ಬೇಕಾದಷ್ಟು ತೆಗೆದುಕೊಳ್ಳಲು ಬಿಟ್ಟೆ. ಯಾರೂ ಅವಳ ಬಾಯಿ ನೋಡಕೂಡದು, ಶಾಬಾಸ್ ಅನ್ನಕೂಡದು, ಉಳಿದರೆ ಯಾಕೆಂದು ಕೇಳಕೂಡದು. ಸಾವಕಾರರಿಗೆ ಇದು ಬಲು ಕಷ್ಟವಾಯಿತು, ಹುಡುಗಿಯನ್ನು ನೋಡಬಾರದೆಂದು ತೊಲೆಯನ್ನು ನೋಡುತ್ತ ಉಣ್ಣುತ್ತಿದ್ದರು. ಬರಬರುತ್ತ ವಾಂತಿ ನಿಂತಿತು. ಹುಡುಗಿ ತಾನಾಗಿ ರೊಟ್ಟಿಗೆ ಕೈ ಹಾಕುವುದನ್ನೂ ಕಂಡೆ.

ಆದರೆ ಕಡೆಯ ತುತ್ತು ಹೋಗಲಿಲ್ಲ. ಈಗ ಹೆಸರು ಹೇಳುತ್ತಿರಲಿಲ್ಲ. ಸುಮ್ಮನೆ ಒಂದು ತುಂಡನ್ನು ತಾಟಿನ ಬದಿಗೆ ಎತ್ತಿಟ್ಟು, ಎಲ್ಲ ಮುಗಿದ ಮೇಲೆ ಕಣ್ಣು ಮುಚ್ಚಿ, ಔಷಧ ನುಂಗಿದಂತೆ ನುಂಗುತ್ತಿದ್ದಳು. ನುಂಗಿದ ಮೇಲೆ ತಾಟಿನ ಸುತ್ತ ನೆಲದ ಮೇಲೆ ಏನಾದರೂ ಬಿದ್ದಿದೆಯೇನೋ ಎಂದು ಅಂಗೈಯಿಂದ ಸವರಿ ನೋಡುತ್ತಿದ್ದಳು. ಇದನ್ನು ಬಿಡಿಸಲು ನನ್ನಿಂದ ಆಗದು ಎಂಬುದು ಆ ಅಂಗೈ ನೋಡಿದಾಗ ನನಗೆ ಖಾತ್ರಿಯಾಯಿತು. ನನ್ನ ಮಾತಿನ ಮೇಲೆ ಅವಳಿಗಿದ್ದ ನಂಬಿಕೆಯನ್ನೆಲ್ಲ ನಾನು ಅದೊಂದು ಸುಳ್ಳಿಗೇ ಖರ್ಚು ಮಾಡಿದ್ದೆ.

ಬಿಡಿಸಬಲ್ಲವಳು ಒಬ್ಬಳೇ ಇದ್ದಳು, ಅವಳ ತಾಯಿ. ಅವಳಿಗೆ ಯಾವ ಚಿಂತೆಯ ಸುದ್ದಿಯನ್ನೂ ಮುಟ್ಟಿಸಬಾರದೆಂದು ಡಾಕ್ಟರರ ಆಜ್ಞೆ. ಕೇಳಿದ್ದರೆ ಬೇಡವೆನ್ನುತ್ತಿದ್ದರು, ಅದಕ್ಕೇ ಕೇಳಲಿಲ್ಲ. ಆಗ ರಕ್ತ ನಿಂತು ಸ್ವಲ್ಪ ದಿನವಾಗಿತ್ತು, ಮಾತಾಡಲು ಬಿಡುತ್ತಿದ್ದರು. ಭೇಟಿಯ ದಿನ ಒಬ್ಬಳೇ ಟಾಂಗಾ ಹತ್ತಿ ಹೋದೆ. ಸಂಸ್ಥಾನದ ಗಡಿಯ ಸುಂಕದ ನಾಕಾದಲ್ಲಿ ಟಾಂಗಾ ನಿಲ್ಲಿಸಿ ಸಿಪಾಯಿ ಗಂಟಿನಲ್ಲಿ ಏನಿದೆ ಎಂದಾಗ, ನನ್ನ ಹತ್ತಿರ ಗಂಟೇ ಇರಲಿಲ್ಲ. ಆದರೂ ಏನೋ ಕದ್ದು ಸಾಗಿಸುವವಳಂತೆ ಸೆರಗು ಬಿಗಿದುಕೊಂಡೆ.

ತಾಯಿ ವರಾಂಡದ ಮಂಚದ ಮೇಲೆ ಒರಗಿದ್ದಳು. ನನಗಿಂತ ಸಣ್ಣವಳು. ಎಲ್ಲವನ್ನೂ ಹೇಳಿದೆ, ಬಚ್ಚಲಿನದನ್ನೂ, ರಕ್ತದ ಮಾತನ್ನೂ, ನಾನು ತಲೆಯಾಡಿಸಿದ್ದನ್ನೂ. ಮುಗಿದ ಮೇಲೆ ಅವಳು ಬಯಲಿನ ಕಡೆಗೆ ಮುಖ ತಿರುಗಿಸಿದಳು.

"ನನ್ನ ಹೆಸರಲೇ ಯಾಕ ಉಣಿಸಿದ್ರಿ, ಅಕ್ಕಾರ?" ಅಂದಳು. ಸಿಟ್ಟಿರಲಿಲ್ಲ, ಅದಕ್ಕೇ ತಡೆಯುವುದು ಕಷ್ಟವಾಯಿತು. "ನಾಳೆ ನಾ ಸತ್ರ ಆಕಿ ಏನ ತಿಳ್ಕೊಂತಾಳ? ಅದನ್ನ ವಿಚಾರ ಮಾಡಿದ್ರೇನು?"

ನಾನು ತಪ್ಪಾಯಿತು ಅಂದೆ. ಅವಳು ಉಸಿರು ಸುಧಾರಿಸಿಕೊಂಡು, ಮುಂದಿನ ಸಲ ಮಗಳನ್ನು ಕರೆದುಕೊಂಡು ಬರಬೇಕು, ಮುಂಜಾನೆಯೇ ಬರಬೇಕು, ಏನೂ ಉಣಿಸದೆ ಬುತ್ತಿ ಕಟ್ಟಿಕೊಂಡು ಬರಬೇಕು ಎಂದು ಹೇಳಿದಳು. ಹೊರಡುವಾಗ, ಹಿಂಡಿ ಖಾರ ಇರದಿರಲಿ, ಆಕೆಗೆ ಖಾರ ಆಗುವುದಿಲ್ಲ ಅಂದಳು.

ಹೋದೆವು. ಹುಡುಗಿಯನ್ನು ವರಾಂಡದ ಹತ್ತಿರ ಬಿಡುತ್ತಿರಲಿಲ್ಲ. ಅಂಗಳದಾಚೆ, ಮಾತು ಕೇಳುವಷ್ಟು ದೂರದಲ್ಲಿ, ಬೇವಿನ ಮರದ ಕೆಳಗೆ ಚಾಪೆ ಹಾಸಿ ಕೂಡಿಸಿ, ತಾಟಿನಲ್ಲಿ ರೊಟ್ಟಿ, ಮೊಸರು ಇಟ್ಟು ನಾನು ಪಕ್ಕಕ್ಕೆ ಸರಿದೆ. ಅತ್ತ ತಾಯಿ ಯಾರ ಆಸರೆಯೂ ಇಲ್ಲದೆ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂತಿದ್ದಳು. ತಲೆ ಬಾಚಿ, ಕುಂಕುಮ ಇಟ್ಟುಕೊಂಡಿದ್ದಳು. ಅವಳ ಮುಂದೆಯೂ ಒಂದು ತಾಟು, ಹಾಲು ಅನ್ನ. ಅವಳಿಗೆ ಅನ್ನ ಸೇರದೆ ಎಷ್ಟೋ ದಿನಗಳಾಗಿವೆ, ಗಂಜಿಯ ನೀರೇ ಹೋಗುತ್ತಿಲ್ಲ ಎಂದು ಅಲ್ಲಿಯ ದಾದಿ ನನ್ನ ಕಿವಿಯಲ್ಲಿ ಹೇಳಿದಳು.

ಇಬ್ಬರೂ ಉಣ್ಣತೊಡಗಿದರು. ಹುಡುಗಿ ಒಂದು ತುತ್ತು ಹಾಕಿಕೊಂಡರೆ ಅವಳೂ ಒಂದು ಹಾಕಿಕೊಳ್ಳುತ್ತಿದ್ದಳು. ಅಗಿಯುವುದು, ನಿಲ್ಲಿಸುವುದು, ನೀರು ಕುಡಿದು ನುಂಗುವುದು ನನಗೆ ನಿಂತಲ್ಲಿಂದ ಕಾಣುತ್ತಿತ್ತು. ಮಗಳಿಗೆ ಕಾಣುತ್ತಿದ್ದದ್ದು ಅವ್ವ ಉಣ್ಣುವುದು ಮಾತ್ರ. ಕಡೆಗೆ ಹುಡುಗಿ ಎಂದಿನಂತೆ ಒಂದು ತುಂಡು ಬದಿಗಿಟ್ಟು, ಅದನ್ನು ಎತ್ತಿ ತಾಯಿಗೆ ತೋರಿಸಿದಳು. ಇದು ನಿನ್ನದು ಅಂದಳು.

"ನಂದು ಇಲ್ಲೈತಿ ನೋಡು, ನನ್ನ ತಾಟಿನ್ಯಾಗ," ತಾಯಿ ಅಂದಳು. "ನನ್ನ ತುತ್ತು ನಿನ್ನ ಬಾಯಾಗ ಹಾಕಿದ್ರ ನನ್ನ ಹೊಟ್ಟಿಗೆ ಹ್ಯಾಂಗ ಬರತೈತಿ? ನಂದು ನಾನ ಉಣ್ಣಾಕಿ."

"ಮತ್ತ ರಕ್ತಾ ಯಾಕ ಬಂತು?"

"ಅದು ಬ್ಯಾನಿ. ಬ್ಯಾನಿಗೆ ರೊಟ್ಟಿ ಗೊತ್ತಿಲ್ಲ, ನೀನೂ ಗೊತ್ತಿಲ್ಲ. ತಾನ ಬರತೈತಿ, ತಾನ ಹೋಗತೈತಿ."

ಹುಡುಗಿ ಆ ತುಂಡನ್ನು ಕೈಯಲ್ಲೇ ಹಿಡಿದುಕೊಂಡು ಯೋಚನೆ ಮಾಡಿದಳು. ತಾಯಿ ಇನ್ನೊಂದು ತುತ್ತು ಉಂಡಳು. ಆಮೇಲೆ ಮಗಳು ನೋಡುತ್ತಿರುವುದನ್ನು ಖಾತ್ರಿ ಮಾಡಿಕೊಂಡು, ತಾಟನ್ನು ದೂರ ಸರಿಸಿ ನನಗೆ ಸಾಕಾಯಿತು ಅಂದಳು. ತಾಟಿನಲ್ಲಿ ಇನ್ನೂ ಅನ್ನವಿತ್ತು. ಅದು ಯಾರದು ಅಂತ ಹುಡುಗಿ ಕೇಳಿದಳು. ಯಾರದೂ ಅಲ್ಲ, ಉಳಿದದ್ದು, ಅಷ್ಟೇ, ಸಾಕಾದರೆ 'ಸಾಕು' ಅನ್ನಬೇಕು ಅಂದಳು ತಾಯಿ. ಹುಡುಗಿ ತನ್ನ ಕೈಯ ತುಂಡನ್ನು ನೋಡಿದಳು, ತಾಯಿಯ ತಾಟನ್ನು ನೋಡಿದಳು. ತುಂಡನ್ನು ತಾಟಿನಲ್ಲಿ ಇಟ್ಟು ಲಂಗಕ್ಕೆ ಕೈ ಒರೆಸಿಕೊಂಡಳು.

ನಾವು ಟಾಂಗಾ ಹತ್ತುವ ತನಕ ತಾಯಿ ಕೂತೇ ಇದ್ದಳು. ನಾವು ಹೊರಟ ಮೇಲೆ ಉಂಡದ್ದೆಲ್ಲ ಕೆಮ್ಮಿನಲ್ಲಿ ಹೊರಬಂತಂತೆ, ಸಂಜೆಗೆ ಜ್ವರ ಏರಿತಂತೆ. ಅಂದಿನಿಂದ ಮಗಳ ಭೇಟಿ ಬಂದ್ ಮಾಡಿದರು, ಮತ್ತೆ ತೆರೆಯಲಿಲ್ಲ. ಆ ಭೇಟಿಯೇ ಕಡೆಯದಾಯಿತು. ಅಂದು ತಾಯಿ ಮಗಳು ಏನು ಬೇಕಾದರೂ ಮಾತಾಡಬಹುದಿತ್ತು. ಕತೆ ಹೇಳಬಹುದಿತ್ತು, ಮನೆಯ ಸುದ್ದಿ ಕೇಳಬಹುದಿತ್ತು, ಸುಮ್ಮನೆ ಒಬ್ಬರನ್ನೊಬ್ಬರು ನೋಡುತ್ತ ಕೂಡಬಹುದಿತ್ತು. ಅದೆಲ್ಲವನ್ನೂ ಬಿಟ್ಟು ಅವಳು ನಾನು ಕಟ್ಟಿದ ಗಂಟು ಬಿಚ್ಚುತ್ತ ಕೂತಳು. ನನಗೆ ಇದು ಇವತ್ತಿಗೂ ನುಂಗಲಾಗಿಲ್ಲ.

ಮಳೆಗಾಲ ಹಿಡಿದ ಮೇಲೆ ಅವಳು ತೀರಿಕೊಂಡಳು. ಅಷ್ಟು ಹೊತ್ತಿಗೆ ಹುಡುಗಿ ಪಂಕ್ತಿಯಲ್ಲಿ ಕೂತು, ಕೆಲವು ದಿನ ಒಂದು ರೊಟ್ಟಿ, ಕೆಲವು ದಿನ ಅರ್ಧ ತಿಂದು ಎದ್ದು ಹೋಗುತ್ತಿದ್ದಳು. ನನ್ನ ಕೆಲಸ ಮುಗಿದಿತ್ತು, ಆದರೂ ಆಯಿ ಬಿಟ್ಟುಕೊಟ್ಟಿರಲಿಲ್ಲ, ನನಗೂ ಹೋಗಲು ಮನಸ್ಸಿರಲಿಲ್ಲ. ತಾಯಿಯ ಸುದ್ದಿ ಬಂದಾಗ ನಾನು ಮೊದಲು ನೋಡಿದ್ದು ಹುಡುಗಿಯ ಮುಖವನ್ನು. ಅವಳು ಬಹಳ ಅತ್ತಳು, ಎಲ್ಲ ಮಕ್ಕಳು ಅಳುವ ಹಾಗೆ. ಅಳುವಿನ ನಡುವೆ ಏನಾದರೂ ಕೇಳುತ್ತಾಳೇನೋ ಎಂದು ನಾನು ಅಂಜುತ್ತಲೇ ಇದ್ದೆ. ಕೇಳಲಿಲ್ಲ.

ಮಣ್ಣು ಮಾಡಿ ಬಂದ ಮರುದಿನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ನೆರೆಮನೆಯವರು ಬುಟ್ಟಿಯಲ್ಲಿ ರೊಟ್ಟಿ, ಝುಣಕ ತಂದಿಟ್ಟಿದ್ದರು. ಯಾರೂ ಮುಟ್ಟಿರಲಿಲ್ಲ. ಆಯಿ ಮೊಮ್ಮಗಳನ್ನು ಕರೆದು, ಮುಂದೆ ಕೂಡಿಸಿಕೊಂಡು, ತುಂಡು ಮುರಿದು ಅವಳ ಬಾಯಿಯ ಹತ್ತಿರ ತಂದರು.

"ಒಂದ ತುತ್ತ ತಿನ್ನವಾ. ನೀ ತಿಂದ್ರ ನಿಮ್ಮವ್ವಗ ಮುಟ್ಟತೈತಿ."

ನಾನು ಕಂಬದ ಹತ್ತಿರ ನಿಂತಿದ್ದೆ. ಬೇಡ ಆಯಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಆಯಿಯ ಕೈಯನ್ನು ಎರಡೂ ಕೈಯಿಂದ ಹಿಡಿದು, ಮೆಲ್ಲಗೆ ಕೆಳಗಿಳಿಸಿದಳು.

"ಅವ್ವಂದು ಅವ್ವ ಉಂಡಾಳ, ಆಯಿ. ನಂಗ ಈಗ ಹಸಿವಿಲ್ಲ."

ಆಯಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಹಿತ್ತಲಿಗೆ ಹೋಗಿ ಬಾವಿಯ ಕಟ್ಟೆ ಹಿಡಿದುಕೊಂಡು ನಿಂತೆ.

ಮಧ್ಯಾಹ್ನ ಇಳಿದ ಮೇಲೆ ಹುಡುಗಿ ತಾನೇ ನನ್ನನ್ನು ಹುಡುಕಿಕೊಂಡು ಬಂದು ಹಸಿವೆಯಾಗಿದೆ ಅಂದಳು. ನೆರೆಮನೆಯ ರೊಟ್ಟಿಯಲ್ಲಿ ಝುಣಕ ಸುರುಳಿ ಸುತ್ತಿ ಕೈಗೆ ಕೊಟ್ಟೆ. ನನ್ನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತು, ಕಾಲು ಆಡಿಸುತ್ತ ತಿಂದಳು. ಸ್ವಲ್ಪ ಉಳಿದಾಗ ಸಾಕು ಎಂದು ನನ್ನ ಕೈಯಲ್ಲಿ ಇಟ್ಟು, ಹಿಂತಿರುಗಿ ನೋಡದೆ ಒಳಗೆ ಹೋದಳು. ಆ ತುಂಡನ್ನು ಹಿಡಿದುಕೊಂಡು ನಾನು ಅಲ್ಲೇ ಕೂತೆ. ನಾನು ಕೂಡ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಅದನ್ನು ಎಸೆಯಲಿಕ್ಕೂ ಆಗಲಿಲ್ಲ ನನಗೆ, ತಿನ್ನಲಿಕ್ಕೂ ಆಗಲಿಲ್ಲ.